ಬಾಲ್ಕನಿ ದಾಟಿ ಹಾಲ್‌ಗೆ ಬರುವ ಬಿಸಿಲು: ಸಿಮ್ಯುಲೇಶನ್‌ನಲ್ಲಿ ಅದು ಎಲ್ಲಿ ಉಳಿದುಬಿಡುತ್ತದೆ?

ಪ್ರಶ್ನೆ: ಬೆಂಗಳೂರಿನ ಒಂದು ಫ್ಲಾಟ್‌ನ ಪಶ್ಚಿಮ ದಿಕ್ಕಿನ ಬಾಲ್ಕನಿಯನ್ನು ಗಾಜಿನಿಂದ ಮುಚ್ಚಿದ್ದಾರೆ. ಬಾಲ್ಕನಿ ಮೂರು ಮೀಟರ್ ಅಗಲ, ಒಂದೂವರೆ ಮೀಟರ್ ಆಳ. ಒಂದು ಮೀಟರ್ ಎತ್ತರದ ಪ್ಯಾರಪೆಟ್ ಗೋಡೆಯ ಮೇಲಿಂದ 2.4 ಮೀಟರ್ ಎತ್ತರದವರೆಗೆ ಗಾಜು ಇದೆ. ಬಾಲ್ಕನಿಗೂ ಹಾಲ್‌ಗೂ ನಡುವೆ ಅಷ್ಟೇ ಅಗಲದ, 2.1 ಮೀಟರ್ ಎತ್ತರದ ಗಾಜಿನ ಸ್ಲೈಡಿಂಗ್ ಬಾಗಿಲಿದೆ. ಕಟ್ಟಡದ ಶಾಖ ಮತ್ತು ವಿದ್ಯುತ್ ಬಳಕೆಯನ್ನು ಲೆಕ್ಕ ಹಾಕುವ ಎನರ್ಜಿಪ್ಲಸ್ ಪ್ರೋಗ್ರಾಮ್‌ನಲ್ಲಿ ಎರಡನ್ನೂ ಬೇರೆ ಬೇರೆ ಝೋನ್ (ಒಂದೇ ಉಷ್ಣತೆಯ ಗಾಳಿಯಿದೆ ಎಂದು ಲೆಕ್ಕಿಸುವ ಜಾಗ) ಮಾಡಿ, ನಡುವಿನ ಬಾಗಿಲನ್ನು ಒಳಗಿನ ಕಿಟಕಿಯೆಂದು ಕೊಟ್ಟಿದ್ದೇನೆ. ಮಾರ್ಚ್ ಸಂಜೆಗಳಲ್ಲಿ ಬಾಲ್ಕನಿಯ ಉಷ್ಣತೆ ನಂಬಲಾಗದಷ್ಟು ಏರುತ್ತದೆ, ಹಾಲ್ ಮಾತ್ರ ತಂಪಾಗಿರುತ್ತದೆ. ವಾಸ್ತವದಲ್ಲಿ ಆ ಹೊತ್ತಿಗೆ ಬಿಸಿಲು ಹಾಲ್‌ನ ಸೋಫಾದವರೆಗೆ ಬಂದಿರುತ್ತದೆ. ಬಿಸಿಲು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವುದನ್ನು ಈ ಪ್ರೋಗ್ರಾಮ್ ಲೆಕ್ಕಕ್ಕೆ ಹಿಡಿಯುವುದಿಲ್ಲವೇ? ಎರಡನ್ನೂ ಒಂದೇ ಝೋನ್ ಮಾಡಿಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಲೆಕ್ಕಕ್ಕೆ ಹಿಡಿಯುತ್ತದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ, ಆ ಅರ್ಧವನ್ನು ಕೂಡ ನೀವು ಕೇಳಿದರೆ ಮಾತ್ರ. ನಿಮ್ಮ ಮಾಡೆಲ್‌ನಲ್ಲಿ ಬಿಸಿಲನ್ನು ಹೇಗೆ ಹಂಚಬೇಕೆಂದು ಹೇಳುವ ಸೋಲಾರ್ ಡಿಸ್ಟ್ರಿಬ್ಯೂಷನ್ ಎಂಬ ಆಯ್ಕೆಯನ್ನು ಮುಟ್ಟದೆ ಬಿಟ್ಟಿದ್ದರೆ ಅದು ಫುಲ್ ಎಕ್ಸ್‌ಟೀರಿಯರ್ ಎಂಬ ಸ್ಥಿತಿಯಲ್ಲಿಯೇ ಇರುತ್ತದೆ, ಏಕೆಂದರೆ ಪ್ರೋಗ್ರಾಮ್ ತಾನಾಗಿ ಆರಿಸಿಕೊಳ್ಳುವುದು ಅದನ್ನೇ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಆಗಿರುವುದು ಇದೇ ಎಂದು ನನಗೆ ಅನ್ನಿಸುತ್ತದೆ. ಡಿಸೈನ್‌ಬಿಲ್ಡರ್ ಅಥವಾ ಓಪನ್‌ಸ್ಟುಡಿಯೋ ಮೂಲಕ ಕೆಲಸ ಮಾಡುತ್ತಿದ್ದರೂ ಒಳಗೆ ಲೆಕ್ಕ ಹಾಕುವುದು ಎನರ್ಜಿಪ್ಲಸ್ ಆದ್ದರಿಂದ, ಮುಂದೆ ಹೇಳುವುದೆಲ್ಲ ಅಲ್ಲಿಗೂ ಅನ್ವಯಿಸುತ್ತದೆ.

ಫುಲ್ ಎಕ್ಸ್‌ಟೀರಿಯರ್ ಎಂದರೆ, ಕಟ್ಟಡದ ಹೊರಗಿನ ನೆರಳುಗಳನ್ನೆಲ್ಲ ಪ್ರೋಗ್ರಾಮ್ ಸರಿಯಾಗಿ ಲೆಕ್ಕ ಹಾಕುತ್ತದೆ, ಆದರೆ ಹೊರಗಾಜನ್ನು ದಾಟಿ ಒಳಗೆ ಬಂದ ನೇರ ಬಿಸಿಲು ಎತ್ತ ಹೋಗುತ್ತದೆ ಎಂದು ನೋಡುವುದಿಲ್ಲ. ಒಳಬಂದ ನೇರ ಬಿಸಿಲೆಲ್ಲ ಆ ಝೋನ್‌ನ ನೆಲದ ಮೇಲೆ ಬಿತ್ತು ಎಂದು ಇಟ್ಟುಕೊಳ್ಳುತ್ತದೆ. ನೆಲ ತನ್ನ ಹೀರಿಕೆಯ ಗುಣಕ್ಕೆ ತಕ್ಕಷ್ಟನ್ನು ಹೀರಿಕೊಳ್ಳುತ್ತದೆ. ಪ್ರತಿಫಲಿಸಿದ ಉಳಿದ ಭಾಗವು ಚದುರಿದ ಬೆಳಕಾಗಿ ಆ ಕೋಣೆಯ ಎಲ್ಲ ಮೇಲ್ಮೈಗಳಿಗೂ ಹಂಚಿಹೋಗುತ್ತದೆ. ಸಾಧಾರಣ ಕೋಣೆಗೆ ಈ ಊಹೆ ಅಷ್ಟೇನೂ ಕೆಟ್ಟದ್ದಲ್ಲ, ಏಕೆಂದರೆ ನಾಲ್ಕೈದು ಮೀಟರ್ ಆಳದ ಕೋಣೆಯಲ್ಲಿ ಬಿಸಿಲಿನ ಬಹುಪಾಲು ನಿಜವಾಗಿಯೂ ನೆಲದ ಮೇಲೆಯೇ ಬೀಳುತ್ತದೆ. ಒಂದೂವರೆ ಮೀಟರ್ ಆಳದ ಬಾಲ್ಕನಿಗೆ ಅದೇ ಊಹೆಯನ್ನು ಅನ್ವಯಿಸಿದಾಗ ಲೆಕ್ಕ ಎಷ್ಟರಮಟ್ಟಿಗೆ ತಪ್ಪುತ್ತದೆ ಎಂಬುದನ್ನು ನಿಮ್ಮದೇ ಅಳತೆಗಳಿಂದ ನೋಡೋಣ.

ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಮಾರ್ಚ್ 20ರ ಆಸುಪಾಸಿನ ವಿಷುವದ ದಿನ (ಹಗಲು ಇರುಳು ಸಮವಾಗಿರುವ ದಿನ), ಸೌರ ಸಮಯ (ನಡುಹಗಲಿನ ಸೂರ್ಯನನ್ನು ಹನ್ನೆರಡು ಗಂಟೆಯೆಂದು ಎಣಿಸುವ ಸಮಯ) ಸಂಜೆ ನಾಲ್ಕು ಗಂಟೆಯನ್ನು ತೆಗೆದುಕೊಳ್ಳಿ. ಬೆಂಗಳೂರು ಭಾರತೀಯ ಕಾಲಮಾನದ ರೇಖೆಗಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದಲೂ ಆ ದಿನಗಳ ಕಾಲಸಮೀಕರಣದ (ಸೂರ್ಯನ ಸಮಯಕ್ಕೂ ಗಡಿಯಾರಕ್ಕೂ ನಡುವೆ ವರ್ಷವಿಡೀ ಏರಿಳಿಯುವ ಅಂತರ) ವ್ಯತ್ಯಾಸದಿಂದಲೂ ಗಡಿಯಾರದಲ್ಲಿ ಆಗ ಹತ್ತಿರಹತ್ತಿರ ನಾಲ್ಕೂವರೆ ಆಗಿರುತ್ತದೆ. ಆ ಹೊತ್ತಿಗೆ ಸೂರ್ಯ ದಿಗಂತದಿಂದ 29 ಡಿಗ್ರಿ ಎತ್ತರದಲ್ಲಿ, ನೇರ ಪಶ್ಚಿಮಕ್ಕಿಂತ ಸ್ವಲ್ಪ ದಕ್ಷಿಣಕ್ಕೆ ಇರುತ್ತಾನೆ. ಪಶ್ಚಿಮದ ಗಾಜಿನ ಮೂಲಕ ಒಳಬರುವ ಕಿರಣ ಪ್ರತಿ ಒಂದು ಮೀಟರ್ ಒಳಗೆ ಸಾಗುವಾಗ 0.56 ಮೀಟರ್ ಕೆಳಗಿಳಿಯುತ್ತದೆ. ಅಂದರೆ ಬಾಲ್ಕನಿಯ ಒಂದೂವರೆ ಮೀಟರ್ ಆಳವನ್ನು ದಾಟುವಷ್ಟರಲ್ಲಿ ಅದು 0.84 ಮೀಟರ್ ಇಳಿದಿರುತ್ತದೆ. ಈಗ ಪ್ಯಾರಪೆಟ್‌ನ ಅಂಚಿಗೆ ತಾಗಿಕೊಂಡು, ಒಂದು ಮೀಟರ್ ಎತ್ತರದಲ್ಲಿ ಒಳಬಂದ ಕಿರಣವನ್ನು ಹಿಂಬಾಲಿಸಿ: ಸ್ಲೈಡಿಂಗ್ ಬಾಗಿಲಿಗೆ ತಲುಪಿದಾಗ ಅದು ಇನ್ನೂ ನೆಲದಿಂದ 16 ಸೆಂಟಿಮೀಟರ್ ಮೇಲಿರುತ್ತದೆ. ಗಾಜಿನ ಮೇಲಂಚಿನಿಂದ, 2.4 ಮೀಟರ್ ಎತ್ತರದಲ್ಲಿ ಬಂದ ಕಿರಣ ಬಾಗಿಲನ್ನು 1.56 ಮೀಟರ್ ಎತ್ತರದಲ್ಲಿ ತಾಗುತ್ತದೆ. ಇವೆರಡರ ನಡುವಿನ ಕಿರಣಗಳೆಲ್ಲ 2.1 ಮೀಟರ್ ಎತ್ತರದ ಬಾಗಿಲಿನ ಗಾಜಿನೊಳಗೇ ಬರುತ್ತವೆ.

ಆ ಹೊತ್ತಿನಲ್ಲಿ ನಿಮ್ಮ ಬಾಲ್ಕನಿಯ ನೆಲದ ಮೇಲೆ ನೇರ ಬಿಸಿಲು ಒಂದಿಷ್ಟೂ ಬೀಳುವುದಿಲ್ಲ. ಪ್ರೋಗ್ರಾಮ್ ಮಾತ್ರ ಎಲ್ಲವನ್ನೂ ಅಲ್ಲಿಯೇ ಸುರಿಯುತ್ತಿದೆ. ಒಂದು ಗಂಟೆ ಮೊದಲು, ಸೌರ ಸಮಯ ಮೂರಕ್ಕೆ, ಸುಮಾರು ಮೂರನೇ ಒಂದು ಭಾಗ ಬಾಲ್ಕನಿಯ ನೆಲಕ್ಕೂ ಉಳಿದದ್ದು ಬಾಗಿಲಿಗೂ ಹೋಗುತ್ತದೆ. ಒಂದು ಗಂಟೆಯ ಅನಂತರ, ಐದಕ್ಕೆ, ಎಲ್ಲವೂ ಬಾಗಿಲನ್ನು ದಾಟಿ ಹಾಲ್‌ನ ಎದುರುಗೋಡೆಯನ್ನು ಏರತೊಡಗುತ್ತದೆ. ಪಶ್ಚಿಮದ ಬಾಲ್ಕನಿಗೆ ಬಿಸಿಲು ಜೋರಾಗಿ ಹೊಡೆಯುವ ಹೊತ್ತುಗಳೇ ಇವು ಎಂಬುದನ್ನು ಗಮನಿಸಿ. ಈ ತಪ್ಪು ದಿನದ ಯಾವುದೋ ಮೂಲೆಯಲ್ಲಿ ಅಡಗಿಲ್ಲ, ಲೆಕ್ಕದ ನಟ್ಟನಡುವೆಯೇ ಇದೆ.

ಇದನ್ನೇ ವ್ಯಾಟ್‌ಗಳಲ್ಲಿ ನೋಡೋಣ. ಶುಭ್ರ ಆಕಾಶದಲ್ಲಿ ಕಿರಣಕ್ಕೆ ಲಂಬವಾಗಿ ಚದರ ಮೀಟರ್‌ಗೆ 700 ವ್ಯಾಟ್ ಎಂದು ಹಿಡಿಯಿರಿ. ಪಶ್ಚಿಮದ ಗಾಜಿನ ಮೇಲೆ ಆಗ ಚದರ ಮೀಟರ್‌ಗೆ ಸುಮಾರು 606 ವ್ಯಾಟ್ ಬೀಳುತ್ತದೆ. ಚೌಕಟ್ಟನ್ನು ಲೆಕ್ಕಿಸದಿದ್ದರೆ ಗಾಜಿನ ವಿಸ್ತೀರ್ಣ 4.2 ಚದರ ಮೀಟರ್. ಆರು ಮಿಲಿಮೀಟರ್ ದಪ್ಪದ ಸಾದಾ ಗಾಜು ಬಿಸಿಲಿನ ಸುಮಾರು 77 ಶೇಕಡಾವನ್ನು ದಾಟಿಸುತ್ತದೆ. ಹೀಗೆ ಬಾಲ್ಕನಿಯೊಳಗೆ ಬರುವುದು 1,960 ವ್ಯಾಟ್. ಸೂರ್ಯ ಸ್ವಲ್ಪ ದಕ್ಷಿಣಕ್ಕಿರುವುದರಿಂದ ಬಿಸಿಲು ಬಾಗಿಲಿಗೆ ತಲುಪುವಷ್ಟರಲ್ಲಿ 20 ಸೆಂಟಿಮೀಟರ್‌ನಷ್ಟು ಉತ್ತರಕ್ಕೆ ಸರಿದು, ಅದರ ಒಂದು ಅಂಚು ಪಕ್ಕದ ಗೋಡೆಯ ಮೇಲೆ ಬೀಳುತ್ತದೆ. ಉಳಿದ 1,830 ವ್ಯಾಟ್ ಬಾಗಿಲನ್ನು ತಾಗಿ, ಅದೇ ಬಗೆಯ ಗಾಜನ್ನು ದಾಟಿ ಸುಮಾರು 1,400 ವ್ಯಾಟ್ ಹಾಲ್‌ಗೆ ಬರುತ್ತದೆ.

ಫುಲ್ ಎಕ್ಸ್‌ಟೀರಿಯರ್‌ನಲ್ಲಾದರೋ 1,960 ವ್ಯಾಟ್ ಅಷ್ಟೂ ಬಾಲ್ಕನಿಯ ನೆಲಕ್ಕೆ ಹೋಗುತ್ತದೆ. ನೆಲಕ್ಕೆ ತಿಳಿಬಣ್ಣದ ವಿಟ್ರಿಫೈಡ್ ಟೈಲ್ಸ್ ಹಾಕಿದ್ದು, ಅದು ಅರ್ಧವನ್ನು ಹೀರುತ್ತದೆ ಎಂದುಕೊಂಡರೆ, ಉಳಿದ 980 ವ್ಯಾಟ್ ಚದುರಿದ ಬೆಳಕಾಗಿ ಹಂಚಿಕೆಯಾಗುತ್ತದೆ. ಗೋಡೆ ಮತ್ತು ಚಾವಣಿಗೆ ಬಿಳಿ ಬಣ್ಣವಿದ್ದರೆ, ಮೇಲ್ಮೈಗಳ ವಿಸ್ತೀರ್ಣ ಮತ್ತು ಹೀರಿಕೆಯನ್ನು ಹಿಡಿದು ಕೈಲೆಕ್ಕ ಮಾಡಿದಾಗ ಅದರಲ್ಲಿ ಹಾಲ್‌ಗೆ ದಾಟುವುದು ಕಾಲು ಭಾಗ, ಎಂದರೆ 250 ವ್ಯಾಟ್‌ನಷ್ಟು. ನಿಜವಾಗಿ ಬರುವುದು 1,400, ಲೆಕ್ಕದಲ್ಲಿ ಬರುವುದು 250. ನಿಮ್ಮ ಬಾಲ್ಕನಿ ಸುಡುವುದಕ್ಕೂ ಹಾಲ್ ತಂಪಾಗಿರುವುದಕ್ಕೂ ಕಾರಣ ಒಂದೇ. ಗಾಜು ಮುಚ್ಚಿದ ಬಾಲ್ಕನಿಯನ್ನು ಹಾಲ್‌ನ ಬಿಸಿ ತಡೆಯುವ ಉಪಾಯವೆಂದು ಹೊಗಳುವ ಕೆಲವು ವರದಿಗಳನ್ನು ನಾನು ಓದಿದ್ದೇನೆ. ಅವುಗಳ ಹಿಂದಿನ ಮಾಡೆಲ್‌ನಲ್ಲಿ ಈ ಒಂದು ಆಯ್ಕೆ ಯಾವ ಸ್ಥಿತಿಯಲ್ಲಿತ್ತು ಎಂದು ಕೇಳದೆ ಆ ಮಾತನ್ನು ಒಪ್ಪಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಮೊದಲು ಮಾಡಬೇಕಾದದ್ದು ಸೋಲಾರ್ ಡಿಸ್ಟ್ರಿಬ್ಯೂಷನ್ ಅನ್ನು ಫುಲ್ ಇಂಟೀರಿಯರ್ ಆ್ಯಂಡ್ ಎಕ್ಸ್‌ಟೀರಿಯರ್‌ಗೆ ಬದಲಾಯಿಸುವುದು. ಆಗ ಪ್ರೋಗ್ರಾಮ್ ಹೊರಗಾಜಿನ ಆಕಾರವನ್ನು ಸೂರ್ಯನ ದಿಕ್ಕಿನಲ್ಲಿ ಕೋಣೆಯೊಳಗೆ ಚಾಚಿ, ಯಾವ ಗೋಡೆಗೆ ಎಷ್ಟು, ನೆಲಕ್ಕೆ ಎಷ್ಟು, ಒಳಗಿನ ಕಿಟಕಿಗೆ ಎಷ್ಟು ಎಂದು ಒಂದೊಂದಾಗಿ ಕಂಡುಹಿಡಿಯುತ್ತದೆ. ನಾವು ಮೇಲೆ ಕೈಯಿಂದ ಮಾಡಿದ ಲೆಕ್ಕವನ್ನೇ ಅದು ಇಡೀ ವರ್ಷಕ್ಕೆ ಮಾಡುತ್ತದೆ. ಬಾಗಿಲಿನ ಗಾಜಿಗೆ ಬಿದ್ದ ನೇರ ಬಿಸಿಲಿನಲ್ಲಿ ಹೀರಿಕೆಯಾದದ್ದು ಆ ಗಾಜನ್ನು ಬಿಸಿ ಮಾಡುತ್ತದೆ, ಪ್ರತಿಫಲಿಸಿದ್ದು ಬಾಲ್ಕನಿಗೆ ಮರಳುತ್ತದೆ, ದಾಟಿದ್ದು ಹಾಲ್‌ನ ಖಾತೆಗೆ ಸೇರುತ್ತದೆ.

ಅರ್ಧ ದಾರಿ ಎಂದು ನಾನು ಮೊದಲೇ ಹೇಳಿದ್ದರ ಅರ್ಥ ಇಲ್ಲಿದೆ. ಒಳಗಿನ ಕಿಟಕಿಯನ್ನು ದಾಟಿದ ಕ್ಷಣದಿಂದ ಆ ಬಿಸಿಲಿಗೆ ದಿಕ್ಕು ಇರುವುದಿಲ್ಲ. ಎರಡನೆಯ ಕೋಣೆಯಲ್ಲಿ ಅದನ್ನು ಎನರ್ಜಿಪ್ಲಸ್ ನೇರ ಬಿಸಿಲೆಂದು ಹಿಂಬಾಲಿಸದೆ, ಚದುರಿದ ಬೆಳಕಿನ ಮೊತ್ತಕ್ಕೆ ಸೇರಿಸಿ ಎಲ್ಲ ಮೇಲ್ಮೈಗಳಿಗೂ ಹಂಚುತ್ತದೆ. ವಾಸ್ತವದಲ್ಲಿ ನಿಮ್ಮ ಹಾಲ್‌ನಲ್ಲಿ ಆ ಹೊತ್ತಿಗೆ ಬಾಗಿಲಿನಿಂದ 28 ಸೆಂಟಿಮೀಟರ್ ದೂರದಲ್ಲಿ ಶುರುವಾಗಿ 2.77 ಮೀಟರ್‌ವರೆಗೆ ಚಾಚಿದ, ಸುಮಾರು ಏಳು ಚದರ ಮೀಟರ್‌ನ ಬಿಸಿಲ ಪಟ್ಟೆಯೊಂದು ನೆಲದ ಮೇಲೆ ಇರುತ್ತದೆ. ಆ ಪಟ್ಟೆಯಲ್ಲಿ ಚದರ ಮೀಟರ್‌ಗೆ 200 ವ್ಯಾಟ್ ಬೀಳುತ್ತಿರುತ್ತದೆ. ಪ್ರೋಗ್ರಾಮ್‌ನ ಹಾಲ್‌ನಲ್ಲಿ ಅಂತಹ ಪಟ್ಟೆಯೇ ಇಲ್ಲ. ಹಾಲ್‌ನ ಎಲ್ಲ ಮೇಲ್ಮೈಗಳೂ ಸೇರಿ 120 ಚದರ ಮೀಟರ್ ಇದ್ದರೆ, ಆ 1,400 ವ್ಯಾಟ್ ಮೊದಲ ಸುತ್ತಿನಲ್ಲಿ ಸರಾಸರಿ ಚದರ ಮೀಟರ್‌ಗೆ 12 ವ್ಯಾಟ್‌ನಂತೆ ಹರಡಿಹೋಗುತ್ತದೆ. ಚಾವಣಿಗೂ ಅದರ ಪಾಲು ಸಿಗುತ್ತದೆ. ಹಾಲ್‌ನ ಆಚೆ ಇನ್ನೊಂದು ಗಾಜಿನ ಗೋಡೆಯ ಹಿಂದೆ ಮೂರನೆಯ ಕೋಣೆಯಿದ್ದರೆ ಅಲ್ಲಿಗೆ ಹೋಗುವುದು ಈ ಚದುರಿದ ಬೆಳಕಿನ ಒಂದು ಅಂಶ ಮಾತ್ರ. ಚದುರಿದ ಬೆಳಕು ಕೋಣೆಯಿಂದ ಕೋಣೆಗೆ ಹೋಗಿಬರುವುದನ್ನು ಮಾತ್ರ ಪ್ರೋಗ್ರಾಮ್ ತಕ್ಕಮಟ್ಟಿಗೆ ಚೆನ್ನಾಗಿಯೇ ಹಿಡಿಯುತ್ತದೆ: ಒಳಗಿನ ಕಿಟಕಿಗಳಿಂದ ಜೋಡಣೆಯಾದ ಝೋನ್‌ಗಳ ನಡುವಿನ ವಿನಿಮಯದ ಅಂಶಗಳನ್ನು ಒಂದು ಮ್ಯಾಟ್ರಿಕ್ಸ್ ಆಗಿ ಬಿಡಿಸಿ, ಹಾಲ್‌ನಿಂದ ಬಾಲ್ಕನಿಗೆ ಮರಳಿ ಹೋಗುವುದನ್ನೂ ಸೇರಿಸಿಕೊಳ್ಳುತ್ತದೆ.

ಈ ಕೊರತೆ ನಿಮ್ಮ ಕೆಲಸಕ್ಕೆ ಎಷ್ಟು ಮುಖ್ಯ ಎಂಬುದು ನೀವು ಕೇಳುತ್ತಿರುವ ಪ್ರಶ್ನೆಯನ್ನು ಅವಲಂಬಿಸಿದೆ. ತಿಂಗಳಿಗೆ ಎಸಿ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದು ಪ್ರಶ್ನೆಯಾದರೆ, ಹಾಲ್‌ನೊಳಗೆ ಶಾಖ ಎಲ್ಲಿ ಬಿತ್ತು ಎನ್ನುವುದಕ್ಕಿಂತ ಹಾಲ್‌ಗೆ ಎಷ್ಟು ಬಂತು ಎನ್ನುವುದೇ ಮುಖ್ಯ. ಹಾಲ್‌ನ ನೆಲ ಕಪ್ಪು ಗ್ರಾನೈಟ್ ಆಗಿದ್ದರೆ ನಿಜವಾದ ಬಿಸಿಲು ಬಹುಮಟ್ಟಿಗೆ ಅಲ್ಲಿಯೇ ಹೀರಿಹೋಗುತ್ತದೆ, ಆದರೆ ಎಲ್ಲೆಡೆ ಹರಡಿದ ಬೆಳಕಿನ ಸ್ವಲ್ಪ ಭಾಗ ಬಾಗಿಲಿನ ಗಾಜಿನಿಂದ ಹೊರಕ್ಕೆ ಮರಳುತ್ತದೆ. ನನ್ನ ಕೈಲೆಕ್ಕದಲ್ಲಿ ಈ ವ್ಯತ್ಯಾಸ ಹಾಲ್‌ಗೆ ಬಂದ ಶಾಖದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದನ್ನು ಒಪ್ಪಿಕೊಂಡು ಮುಂದೆ ಹೋಗಬಹುದು. ಆದರೆ ಸೋಫಾದಲ್ಲಿ ಕುಳಿತವರಿಗೆ ಸಂಜೆ ಐದಕ್ಕೆ ಹೇಗನ್ನಿಸುತ್ತದೆ, ಆ ನೆಲ ರಾತ್ರಿ ಎಷ್ಟು ಹೊತ್ತಿನವರೆಗೆ ಬೆಚ್ಚಗಿರುತ್ತದೆ, ನೆಲದಡಿಯ ಕೊಳವೆಗಳಲ್ಲಿ ತಣ್ಣೀರು ಹರಿಸಿ ಕೋಣೆಯನ್ನು ತಂಪು ಮಾಡಬಹುದೇ ಎಂಬಂತಹ ಪ್ರಶ್ನೆಗಳಿಗೆ ಈ ಮಾಡೆಲ್‌ನ ಉತ್ತರವನ್ನು ನಾನು ನಂಬುವುದಿಲ್ಲ. ಅಲ್ಲಿ ಬಿಸಿಲು ಬಿದ್ದ ಜಾಗವೇ ಉತ್ತರ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಬಾಲ್ಕನಿ ಮತ್ತು ಹಾಲ್ ಅನ್ನು ಒಂದೇ ಝೋನ್ ಮಾಡುವುದು ಒಂದು ಸಂದರ್ಭದಲ್ಲಿ ಮಾತ್ರ ಸರಿ: ನಡುವಿನ ಬಾಗಿಲನ್ನು ತೆಗೆದುಹಾಕಿ ಬಾಲ್ಕನಿಯನ್ನು ಹಾಲ್‌ಗೆ ಸೇರಿಸಿಕೊಂಡಿದ್ದರೆ, ಅಥವಾ ಆ ಬಾಗಿಲು ಸದಾ ತೆರೆದೇ ಇರುವುದಾದರೆ. ಬೆಂಗಳೂರಿನಲ್ಲಿ ಹಾಗೆ ಸೇರಿಸಿಕೊಳ್ಳುವವರು ಕಡಿಮೆಯೇನೂ ಇಲ್ಲ. ಆಗ ಹೊರಗಾಜನ್ನು ದಾಟಿದ ಬಿಸಿಲು ಮೊದಲ ಕೋಣೆಯೊಳಗೇ ಇರುವುದರಿಂದ ದಿಕ್ಕನ್ನು ಕಳೆದುಕೊಳ್ಳದೆ ಹಾಲ್‌ನ ನೆಲದವರೆಗೂ ಸರಿಯಾಗಿ ಬರುತ್ತದೆ. ಆದರೆ ಬಾಗಿಲು ಮುಚ್ಚಿರುವ ಫ್ಲಾಟ್‌ನಲ್ಲಿ ಝೋನ್‌ಗಳನ್ನು ಒಂದು ಮಾಡಿದರೆ ಎರಡನೆಯ ಗಾಜು ಲೆಕ್ಕದಿಂದಲೇ ಮಾಯವಾಗುತ್ತದೆ. ಅದು ತಡೆಯುತ್ತಿದ್ದ ಕಾಲು ಭಾಗದಷ್ಟು ಬಿಸಿಲೂ ಒಳಗೆ ಬರುತ್ತದೆ; ಬಾಲ್ಕನಿಯ ಬಿಸಿಗಾಳಿ ಹಾಲ್‌ನ ಗಾಳಿಯೊಡನೆ ಪೂರ್ತಿ ಬೆರೆತಂತೆ ಲೆಕ್ಕವಾಗುತ್ತದೆ. ಒಂದು ತಪ್ಪನ್ನು ತಿದ್ದಲು ಹೋಗಿ ಎರಡನ್ನು ತಂದುಕೊಂಡ ಹಾಗೆ.

ಬಾಗಿಲು ತೆರೆದಿರುವ ಸಂದರ್ಭಕ್ಕೆ ಏರ್ ಬೌಂಡರಿ ಎಂಬ ಇನ್ನೊಂದು ವ್ಯವಸ್ಥೆಯೂ ಇದೆ. ಎರಡು ಝೋನ್‌ಗಳ ನಡುವಿನ ಮೇಲ್ಮೈಗೆ ಈ ರಚನೆಯನ್ನು ಕೊಟ್ಟರೆ, ಗಾಳಿಯ ಲೆಕ್ಕಕ್ಕೆ ಅವು ಬೇರೆ ಬೇರೆಯಾಗಿಯೇ ಉಳಿದು, ಬಿಸಿಲು ಮತ್ತು ಶಾಖ ವಿಕಿರಣದ ಲೆಕ್ಕಕ್ಕೆ ಮಾತ್ರ ಒಂದೇ ಆವರಣವಾಗುತ್ತವೆ. ಇವೆರಡರ ನಡುವೆ ಗಾಳಿ ಎಷ್ಟು ಬೆರೆಯುತ್ತದೆ ಎಂಬುದನ್ನು ನೀವೇ ನಿಗದಿ ಮಾಡಬಹುದು. ಬಾಲ್ಕನಿಯ ಗಾಳಿಯನ್ನು ಪ್ರತ್ಯೇಕವಾಗಿ ನೋಡಬೇಕು, ಆದರೆ ನಡುವೆ ಗಾಜಿಲ್ಲ ಎನ್ನುವವರಿಗೆ ಇದು ಒಳ್ಳೆಯ ದಾರಿ.

ಇಷ್ಟರಲ್ಲಿ ನಿಮಗೆ ಇನ್ನೊಂದು ತೊಡಕು ಎದುರಾಗಿರಬಹುದು. ಫುಲ್ ಇಂಟೀರಿಯರ್ ಆಯ್ಕೆ ಇಡೀ ಕಟ್ಟಡಕ್ಕೆ ಒಂದೇ. ಬಾಲ್ಕನಿಗೆ ಒಂದು, ಮಲಗುವ ಕೋಣೆಗೆ ಇನ್ನೊಂದು ಎಂದು ಕೊಡಲಾಗುವುದಿಲ್ಲ. ಅಲ್ಲದೆ ಈ ಲೆಕ್ಕಕ್ಕೆ ಪ್ರತಿ ಕೋಣೆಯೂ ಎಲ್ಲ ಕಡೆ ಮುಚ್ಚಿರಬೇಕು, ಒಳಮೂಲೆಗಳು ಚಾಚಿಕೊಂಡಿರಬಾರದು: ಕೋಣೆಯ ಯಾವ ಜಾಗದಲ್ಲಿ ನಿಂತರೂ ಉಳಿದ ಎಲ್ಲ ಜಾಗವೂ ನೇರವಾಗಿ ಕಾಣುವಂತಿರಬೇಕು. ನಿಮ್ಮ ಬಾಲ್ಕನಿ ಪೆಟ್ಟಿಗೆಯಂತಹ ಆಕಾರವಾದ್ದರಿಂದ ತೊಂದರೆಯಿಲ್ಲ. ಆದರೆ ನಮ್ಮ ಫ್ಲಾಟ್‌ಗಳ ಹಾಲ್‌ಗಳು ಊಟದ ಜಾಗವನ್ನೂ ಸೇರಿಸಿಕೊಂಡು ಎಲ್ ಆಕಾರದಲ್ಲಿರುವುದೇ ಹೆಚ್ಚು. ಅಂತಹ ಕೋಣೆಯಲ್ಲಿ ಚಾಚಿದ ಗೋಡೆಯ ಮೂಲೆ ಬಿಸಿಲಿಗೆ ಅಡ್ಡ ನಿಲ್ಲುವುದು ಪ್ರೋಗ್ರಾಮ್‌ಗೆ ತಿಳಿಯುವುದಿಲ್ಲ. ಅದು ದೋಷಗಳ ಕಡತದಲ್ಲಿ ಎಚ್ಚರಿಕೆಯನ್ನು ಬರೆದು ಮುಂದುವರಿಯುತ್ತದೆ. ಆ ಕಡತವನ್ನು ತೆರೆದೇ ನೋಡದವರು ಬಹಳ ಮಂದಿ.

ನಿಮ್ಮ ಮಟ್ಟಿಗೆ ಇದರ ಪರಿಣಾಮ ಎಷ್ಟೆಂದು ಹೇಳುವುದು ಕಷ್ಟವಲ್ಲ. ಬಾಲ್ಕನಿಯ ಬಾಗಿಲಿನಿಂದ ಹಾಲ್‌ಗೆ ಬರುವ ಬಿಸಿಲು ಹೇಗಿದ್ದರೂ ಚದುರಿದ ಬೆಳಕಾಗಿಬಿಡುವುದರಿಂದ, ಹಾಲ್‌ನ ಎಲ್ ಆಕಾರ ಅದನ್ನು ಕೆಡಿಸಲಾರದು. ಕೆಡುವುದು ಹಾಲ್‌ಗೆ ತನ್ನದೇ ಆದ ಹೊರಕಿಟಕಿಗಳಿದ್ದರೆ ಮಾತ್ರ. ಊಟದ ಜಾಗದ ಕಿಟಕಿ ಉತ್ತರಕ್ಕಿದ್ದು, ಉತ್ತರಕ್ಕೆ ಬಿಸಿಲೇ ಬರುವುದಿಲ್ಲ ಎಂದು ನೀವು ಅದನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದರೆ ಹಾಗೆ ಮಾಡಬೇಡಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಅಗತ್ಯವೆನಿಸಿದರೆ ಹಾಲ್ ಅನ್ನು ಎರಡು ಆಯತಗಳಾಗಿ ಕತ್ತರಿಸಬಹುದು. ಆದರೆ ನಡುವೆ ಏರ್ ಬೌಂಡರಿ ಕೊಟ್ಟರೆ ಬಿಸಿಲಿನ ಲೆಕ್ಕಕ್ಕೆ ಎರಡೂ ಮತ್ತೆ ಒಂದಾಗಿ, ಎಲ್ ಆಕಾರವೇ ಮರಳಿ ಬರುತ್ತದೆ ಎಂಬುದನ್ನು ಮರೆಯಬಾರದು.

ಬಿಸಿಲ ಪಟ್ಟೆ ಎಲ್ಲಿ ಬೀಳುತ್ತದೆ ಎಂಬುದೇ ನಿಮಗೆ ಬೇಕಾಗಿದ್ದರೆ ನಾನು ಬಳಸುವ ಉಪಾಯ ಹೀಗಿದೆ. ಮೂಲ ಮಾಡೆಲ್‌ನ ಪಕ್ಕದಲ್ಲಿ ಇನ್ನೊಂದು ಮಾಡೆಲ್ ಮಾಡಿ, ಅದರಲ್ಲಿ ಬಾಲ್ಕನಿಯನ್ನು ಝೋನ್ ಆಗಿ ಇಡಬೇಡಿ. ಬಾಲ್ಕನಿಯ ಚಾವಣಿ, ಎರಡು ಪಕ್ಕದ ಗೋಡೆ ಮತ್ತು ಪ್ಯಾರಪೆಟ್ ಇವುಗಳನ್ನು ನೆರಳಿನ ಮೇಲ್ಮೈಗಳಾಗಿ ಕೊಡಿ. ಹೊರಗಾಜನ್ನೂ ನೆರಳಿನ ಮೇಲ್ಮೈಯಾಗಿಯೇ ಕೊಟ್ಟು, ಅದಕ್ಕೆ ಪಾರದರ್ಶಕತೆಯ ಶೆಡ್ಯೂಲ್ (ಹೊತ್ತುಹೊತ್ತಿನ ಮೌಲ್ಯಗಳ ಪಟ್ಟಿ) ಜೋಡಿಸಿ 0.77 ಎಂದು ನಮೂದಿಸಿ. ಸ್ಲೈಡಿಂಗ್ ಬಾಗಿಲು ಈಗ ಹಾಲ್‌ನ ಹೊರಕಿಟಕಿಯಾಗುತ್ತದೆ. ಹೊರಗಾಜಿನಿಂದ ತಗ್ಗಿದ ಬಿಸಿಲು ನೇರ ಬಿಸಿಲಾಗಿಯೇ ಬಾಗಿಲನ್ನು ತಲುಪಿ, ಅದನ್ನು ದಾಟಿ, ಹಾಲ್‌ನೊಳಗೆ ತನ್ನ ನಿಜವಾದ ಜಾಗದಲ್ಲಿ ಬೀಳುತ್ತದೆ. ಈ ಮಾಡೆಲ್‌ನಲ್ಲಿ ಹಾಲ್‌ನ ಆಕಾರ ಮೇಲೆ ಹೇಳಿದ ನಿಯಮಕ್ಕೆ ಹೊಂದಿಕೊಳ್ಳಲೇಬೇಕು. ಇನ್ನು ನೆರಳಿನ ಮೇಲ್ಮೈಯ ಪಾರದರ್ಶಕತೆ ಕಿರಣದ ಕೋನಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಕಿರಣ ಗಾಜಿಗೆ ಬಹಳ ಓರೆಯಾಗಿ ತಾಗುವ ಹೊತ್ತಿನಲ್ಲಿ ಇದು ಬಿಸಿಲನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಪಶ್ಚಿಮದ ಸಂಜೆ ಬಿಸಿಲು ಗಾಜಿಗೆ ಹೆಚ್ಚುಕಡಿಮೆ ಎದುರಾಗಿಯೇ ಬರುವುದರಿಂದ ನಿಮಗೆ ಇದು ಅಷ್ಟಾಗಿ ತಟ್ಟದು, ಆದರೆ ದಕ್ಷಿಣದ ಬಾಲ್ಕನಿಗೆ ಇದೇ ಉಪಾಯವನ್ನು ಬಳಸುವವರು ಎಚ್ಚರದಿಂದಿರಬೇಕು. ಬಾಲ್ಕನಿಯ ಗಾಳಿ ಬಿಸಿಯಾಗಿ ಹಾಲ್‌ಗೆ ಶಾಖ ಕೊಡುವುದು ಈ ಮಾಡೆಲ್‌ನಲ್ಲಿ ಇಲ್ಲವೇ ಇಲ್ಲವಾದ್ದರಿಂದ, ಇದನ್ನು ವಿದ್ಯುತ್ತಿನ ಲೆಕ್ಕಕ್ಕೆ ಬಳಸದೆ ಬಿಸಿಲಿನ ಜಾಗ ಮತ್ತು ಹೊತ್ತನ್ನು ತಿಳಿಯಲು ಮಾತ್ರ ಇಟ್ಟುಕೊಳ್ಳಿ.

ಇದಕ್ಕಿಂತಲೂ ಕರಾರುವಾಕ್ಕಾಗಿ ಬೇಕೆಂದರೆ ರೇಡಿಯನ್ಸ್‌ನಂತಹ ಕಿರಣ ಹಿಂಬಾಲಿಸುವ ಪ್ರೋಗ್ರಾಮ್‌ನಿಂದ ಪ್ರತಿ ಮೇಲ್ಮೈಗೆ ಪ್ರತಿ ಗಂಟೆ ಬೀಳುವ ಬಿಸಿಲನ್ನು ಪಡೆದು, ಸೋಲಾರ್ ಇನ್ಸಿಡೆಂಟ್ ಇನ್‌ಸೈಡ್ ಎಂಬ ವಸ್ತುವಿನ ಮೂಲಕ ಶೆಡ್ಯೂಲ್ ಆಗಿ ಎನರ್ಜಿಪ್ಲಸ್‌ಗೆ ಒಪ್ಪಿಸಬಹುದು. ಒಂದು ಫ್ಲಾಟ್‌ನ ಬಾಲ್ಕನಿಗೆ ಅಷ್ಟು ಶ್ರಮ ಬೇಕೆಂದು ನನಗೆ ಅನ್ನಿಸುವುದಿಲ್ಲ. ದೊಡ್ಡ ಗಾಜಿನ ಅಂಗಳದ ಸುತ್ತ ಕಚೇರಿಗಳಿರುವ ಕಟ್ಟಡವಾದರೆ ಮಾತು ಬೇರೆ. ಅಲ್ಲಿ ಅಂಗಳದ ಗಾಜನ್ನು ದಾಟಿದ ಬಿಸಿಲು ಒಳಗಾಜನ್ನೂ ದಾಟಿ ಕೆಲಸಗಾರರ ಮೇಜಿನ ಮೇಲೆ ಬೀಳುತ್ತದೆ, ಸಾಧಾರಣ ಮಾಡೆಲ್ ಅದನ್ನು ತೋರಿಸುವುದೇ ಇಲ್ಲ.

ಸಿಮ್ಯುಲೇಶನ್ ಪ್ರೋಗ್ರಾಮ್‌ಗಳನ್ನು ಪರೀಕ್ಷೆಗೆ ಒಡ್ಡಿಯೇ ಬಿಡುಗಡೆ ಮಾಡುತ್ತಾರಲ್ಲ, ಇಂತಹ ಕೊರತೆ ಅಲ್ಲಿ ಸಿಕ್ಕಿಬೀಳುವುದಿಲ್ಲವೇ ಎಂದು ನೀವು ಕೇಳಬಹುದು. ಇಂತಹ ಪ್ರೋಗ್ರಾಮ್‌ಗಳ ಪರೀಕ್ಷೆಗೆಂದು ಅಮೆರಿಕದ ಎಂಜಿನಿಯರ್‌ಗಳ ಸಂಘ ಆಶ್ರೇ ರೂಪಿಸಿದ 140ನೆಯ ಮಾನದಂಡದಲ್ಲಿ ಎರಡು ಝೋನ್‌ಗಳ ಹೆಸರಾಂತ ಪರೀಕ್ಷೆ 960ನೆಯದು: ಮುಂದೆ ಎರಡು ಮೀಟರ್ ಆಳದ ಬಿಸಿಲುಕೋಣೆ, ಹಿಂದೆ ವಾಸದ ಕೋಣೆ. ಆದರೆ ಅವೆರಡರ ನಡುವೆ ಇರುವುದು 20 ಸೆಂಟಿಮೀಟರ್ ದಪ್ಪದ ಕುರುಡುಗೋಡೆ. ಶಾಖ ಆ ಗೋಡೆಯ ಮೂಲಕ ಹರಿಯುತ್ತದೆಯೇ ಹೊರತು ಬಿಸಿಲು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ಆದ್ದರಿಂದ 960ನೆಯ ಪರೀಕ್ಷೆಯಲ್ಲಿ ಪ್ರೋಗ್ರಾಮ್ ತೇರ್ಗಡೆಯಾಗಿದೆ ಎಂಬ ಮಾತು ನಿಮ್ಮ ಬಾಲ್ಕನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಕಾರ್ಯಕ್ರಮವೊಂದರ ಅಡಿಯಲ್ಲಿ 2008ರಲ್ಲಿ ಹೊರಬಂದ ಬಹು ಝೋನ್ ಪರೀಕ್ಷೆಗಳ ಸರಣಿಯಲ್ಲಿ ಎಂಝಡ್ 360 ಎಂಬುದು ಒಳಗಿನ ಕಿಟಕಿಗಳಿಗೆಂದೇ ರೂಪಿಸಿದ್ದು. ಬೇರೆ ಪ್ರೋಗ್ರಾಮ್ ಬಳಸುವವರು ತಮ್ಮದು ಅದರಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿಕೊಳ್ಳುವುದು ಒಳಿತು.

ಇನ್ನು ನಿಮ್ಮ ಕಡತದಲ್ಲಿ ಪರಿಶೀಲಿಸಬೇಕಾದ ಕೆಲವು ವಿಷಯಗಳು. ಒಳಗಿನ ಕಿಟಕಿಯನ್ನು ಎರಡೂ ಝೋನ್‌ಗಳ ಕಡೆಯಿಂದ ಜೋಡಿಯಾಗಿ ಕೊಟ್ಟು, ಒಂದರ ಆಚೆಬದಿ ಇನ್ನೊಂದು ಎಂದು ಹೆಸರಿಸಿರಬೇಕು. ಎರಡರ ಅಳತೆಯೂ ಒಂದೇ ಇರಬೇಕು, ಪದರಗಳ ಕ್ರಮ ಹಿಂದುಮುಂದಾಗಿರಬೇಕು. ಒಂಟಿ ಗಾಜಿಗೆ ಕ್ರಮದ ಪ್ರಶ್ನೆ ಬರುವುದಿಲ್ಲ, ಆದರೆ ಒಂದು ಬದಿಗೆ ಲೇಪವಿರುವ ಗಾಜಿಗೆ ಬರುತ್ತದೆ. ಆ ಬಾಗಿಲಿಗೆ ಸಿಂಪಲ್ ಗ್ಲೇಜಿಂಗ್ ಎಂಬ ಸಂಕ್ಷಿಪ್ತ ವಿಧಾನವನ್ನು ಬಳಸಬೇಡಿ, ಏಕೆಂದರೆ ಅದರಲ್ಲಿ ಕೊಡುವ ಯು ಮೌಲ್ಯದೊಳಗೆ (ಗಾಜು ಎಷ್ಟು ಶಾಖ ದಾಟಿಸುತ್ತದೆ ಎಂಬ ಅಳತೆ) ಹೊರಗಿನ ಗಾಳಿ ಬೀಸುವ ಪರಿಣಾಮವೂ ಸೇರಿರುತ್ತದೆ, ಒಳಬಾಗಿಲಿಗೆ ಅದು ಸಲ್ಲದು. ಗಾಜಿನ ದಪ್ಪ ಮತ್ತು ಗುಣಗಳನ್ನು ಪದರವಾಗಿಯೇ ಕೊಡಿ. ನೆರಳಿನ ಲೆಕ್ಕವನ್ನು ಪ್ರೋಗ್ರಾಮ್ ತಾನಾಗಿ 20 ದಿನಗಳಿಗೊಮ್ಮೆ ಮಾತ್ರ ಹೊಸದಾಗಿ ಮಾಡುತ್ತದೆ. ವಿಷುವದ ಆಸುಪಾಸಿನಲ್ಲಿ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ಉತ್ತರಕ್ಕೆ ಸರಿಯುವುದರಿಂದ ಅಷ್ಟರಲ್ಲಿ ಎಂಟು ಡಿಗ್ರಿ ಬದಲಾಗಿರುತ್ತದೆ. ಇಂತಹ ಕಿರಿದಾದ ಜಾಗಕ್ಕೆ ಅದನ್ನು ಪ್ರತಿ ದಿನಕ್ಕೋ ಪ್ರತಿ ಟೈಮ್‌ಸ್ಟೆಪ್‌ಗೋ (ಲೆಕ್ಕದ ಒಂದೊಂದು ಹೆಜ್ಜೆಯ ಅವಧಿ) ಇಳಿಸುವುದು ಮೇಲು.

ಬದಲಾವಣೆ ಫಲಿಸಿದೆಯೇ ಎಂದು ತಿಳಿಯಲು ಬಾಲ್ಕನಿ ಮತ್ತು ಹಾಲ್ ಎರಡನ್ನೇ ಇಟ್ಟುಕೊಂಡ ಒಂದು ಚಿಕ್ಕ ಮಾಡೆಲ್ ಮಾಡಿ, ಭಾರತದ ಇದೇ ಬಗೆಯ ಎಂಜಿನಿಯರ್‌ಗಳ ಸಂಘವಾದ ಇಶ್ರೇ ಸಿದ್ಧಪಡಿಸಿದ ಬೆಂಗಳೂರಿನ ಹವಾಮಾನ ಕಡತದಿಂದ ಮಾರ್ಚ್‌ನ ಒಂದು ಶುಭ್ರ ದಿನವನ್ನು ಆರಿಸಿ ಓಡಿಸಿ. ಔಟ್‌ಪುಟ್‌ಗಳಲ್ಲಿ ಬಾಲ್ಕನಿಯ ಹೊರಗಾಜಿನಿಂದ ಒಳಬಂದ ನೇರ ಬಿಸಿಲನ್ನೂ, ಝೋನ್ ಅಥವಾ ಎನ್‌ಕ್ಲೋಷರ್ (ಆವರಣ) ಹೆಸರಿನಡಿ ಸಿಗುವ ಇಂಟೀರಿಯರ್ ವಿಂಡೋಸ್ ಟ್ರಾನ್ಸ್‌ಮಿಟೆಡ್ ಬೀಮ್ ಸೋಲಾರ್ ಎಂಬುದನ್ನೂ ಗಂಟೆಗಂಟೆಗೆ ಬರೆಸಿಕೊಳ್ಳಿ. ಫುಲ್ ಎಕ್ಸ್‌ಟೀರಿಯರ್‌ನಲ್ಲಿ ಎರಡನೆಯದು ದಿನವಿಡೀ ಸೊನ್ನೆಯಾಗಿರುತ್ತದೆ. ಹೊಸ ಆಯ್ಕೆಯಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.72ರ ಆಸುಪಾಸಿನಲ್ಲಿ ಬರಬೇಕು. ಬಾಗಿಲಿಗೆ ಚೌಕಟ್ಟು ಕೊಟ್ಟಿದ್ದರೆ ಅದಕ್ಕೆ ತಕ್ಕಷ್ಟು ಕಡಿಮೆ. ಹಾಗೆ ಬರದಿದ್ದರೆ ಇಡೀ ಫ್ಲಾಟ್‌ನ ಮಾಡೆಲ್‌ಗೆ ಹೋಗುವ ಮೊದಲು ಮೇಲ್ಮೈಗಳ ದಿಕ್ಕನ್ನೂ ಜೋಡಣೆಯನ್ನೂ ಮತ್ತೊಮ್ಮೆ ನೋಡಿ.

ಕೊನೆಯದಾಗಿ ಪರದೆಯ ವಿಷಯ. ಬಹುತೇಕ ಮನೆಗಳಲ್ಲಿ ಪರದೆ ಹಾಕುವುದು ಬಾಲ್ಕನಿಯ ಗಾಜಿಗಲ್ಲ, ಹಾಲ್‌ನ ಬಾಗಿಲಿಗೆ. ಎನರ್ಜಿಪ್ಲಸ್ ಪರದೆ ಮತ್ತು ಬ್ಲೈಂಡ್‌ಗಳನ್ನು ಹೊರಕಿಟಕಿಗಳಿಗೆ ಮಾತ್ರ ಒಪ್ಪುತ್ತದೆ, ಒಳಗಿನ ಕಿಟಕಿಗೆ ಕೊಟ್ಟರೆ ತಿರಸ್ಕರಿಸುತ್ತದೆ. ಪರದೆಯನ್ನು ಹೊರಗಾಜಿಗೆ ಸ್ಥಳಾಂತರಿಸಿ ಲೆಕ್ಕ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಪರದೆ ಹೀರಿದ ಶಾಖವೆಲ್ಲ ಹಾಲ್‌ನಲ್ಲಿ ಉಳಿಯುವ ಬದಲು ಬಾಲ್ಕನಿಯಲ್ಲಿ ಉಳಿದು, ಹಾಲ್ ಮತ್ತೆ ಇರುವುದಕ್ಕಿಂತ ತಂಪಾಗಿ ಕಾಣುತ್ತದೆ. ನಾನಾದರೆ ಮುಖ್ಯ ಮಾಡೆಲ್ ಅನ್ನು ಪರದೆಯಿಲ್ಲದೆಯೇ ಓಡಿಸುತ್ತೇನೆ. ನೆರಳಿನ ಮೇಲ್ಮೈಗಳಿರುವ ಪಕ್ಕದ ಮಾಡೆಲ್‌ನಲ್ಲಿ ಬಾಗಿಲು ಹೊರಕಿಟಕಿಯೇ ಆಗಿರುವುದರಿಂದ, ಅಲ್ಲಿ ಅದರ ಒಳಬದಿಗೆ ಪರದೆ ಕೊಟ್ಟು ಮತ್ತು ಕೊಡದೆ ಎರಡು ಸಲ ಓಡಿಸಿ, ಹಾಲ್‌ಗೆ ಸೇರುವ ಶಾಖದಲ್ಲಿ ಆಗುವ ವ್ಯತ್ಯಾಸವನ್ನು ವರದಿಯಲ್ಲಿ ಪ್ರತ್ಯೇಕವಾಗಿ ನಮೂದಿಸುತ್ತೇನೆ.